ಬೋಟ್ ಎಂಜಿನ್ ಆಯಿಲ್‌ಗೆ ನೀರು ಸೇರಿದೆಯೇ? ಎಲ್ಲಿಂದ ಬಂತು ಎನ್ನುವ ಮೊದಲು ಯಾವಾಗ ಬಂತು ಎಂದು ಕೇಳಿ

ಆಯಿಲ್ ಮಟ್ಟ ನೋಡುವ ಕಡ್ಡಿಯಾದ ಡಿಪ್‌ಸ್ಟಿಕ್ ಎಳೆದಾಗ ಆಯಿಲ್ ಬದಲು ಹಾಲು ಬೆರೆಸಿದ ಕಾಫಿಯಂಥದ್ದೇನೋ ಅಂಟಿಕೊಂಡು ಬಂದರೆ ಎದೆ ಧಸಕ್ಕೆನ್ನುತ್ತದೆ. ಸುತ್ತ ನಿಂತವರ ಬಾಯಲ್ಲಿ ಮೊದಲು ಬರುವ ಮಾತು ಒಂದೇ: "ಹೆಡ್ ಗ್ಯಾಸ್ಕೆಟ್ ಹೋಗಿದೆ." ಅಂದರೆ ಸಿಲಿಂಡರುಗಳಿರುವ ಬ್ಲಾಕಿಗೂ ಅದರ ಮೇಲೆ ಮುಚ್ಚಳದಂತೆ ಕೂರುವ ಹೆಡ್ಡಿಗೂ ನಡುವಿನ ಸೀಲ್ ಕೆಟ್ಟಿದೆ ಎಂದು. ಕಾರಿನ ಮಟ್ಟಿಗೆ ಈ ಊಹೆ ತೀರಾ ತಪ್ಪಲ್ಲ. ಅಲ್ಲಿ ಇರುವ ನೀರೆಲ್ಲ ಒಂದು ಮುಚ್ಚಿದ ಸುತ್ತಿನೊಳಗೇ ಓಡಾಡುತ್ತದೆ. ಬೋಟಿನ ಹೊಟ್ಟೆಯೊಳಗೆ ಕೂರಿಸಿದ ಎಂಜಿನ್ ಹಾಗಲ್ಲ. ಅದು ಹೊರಗಿನ ನೀರನ್ನು ಪಂಪಿನಿಂದ ಎಳೆದುಕೊಂಡು ಮೈ ತಣಿಸಿಕೊಳ್ಳುತ್ತದೆ, ಬಳಿಕ ಅದೇ ನೀರನ್ನು ತನ್ನ ಎಕ್ಸಾಸ್ಟಿಗೆ ಸುರಿದು ಹೊಗೆಯ ಜೊತೆ ಆಚೆ ಕಳಿಸುತ್ತದೆ. ಸಾಲದ್ದಕ್ಕೆ, ಎಷ್ಟೋ ಬೋಟುಗಳಲ್ಲಿ ಎಂಜಿನ್ ಕೂತಿರುವುದೇ ಹೊರಗಿನ ನೀರಿನ ಮಟ್ಟಕ್ಕಿಂತ ಕೆಳಗೆ. ಹೀಗಾಗಿ ನೀರು ಸಂಪಿಗೆ (ಎಂಜಿನ್ನಿನ ತಳದ ಆಯಿಲ್ ತೊಟ್ಟಿಗೆ) ಇಳಿಯಲು ಹೆಡ್ ಗ್ಯಾಸ್ಕೆಟ್ ಅಲ್ಲದೆ ಇನ್ನೂ ಹಲವು ದಾರಿಗಳಿವೆ. ಅವುಗಳಲ್ಲಿ ಕೆಲವಕ್ಕೆ ಎಂಜಿನ್ ಬಿಚ್ಚುವ ಅಗತ್ಯವೇ ಇಲ್ಲ. ಮುಚ್ಚಿಹೋದ ಒಂದು ರಬ್ಬರ್ ವಾಲ್ವಿನ ತಪ್ಪಿಗೆ ಹೆಡ್ ಇಳಿಸುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ.

ಆದ್ದರಿಂದ ಮೊದಲ ಪ್ರಶ್ನೆ ಕಾಲದ್ದು. ಎಂಜಿನ್ ಹತ್ತದೆ ಬಹಳ ಹೊತ್ತು ಸೆಲ್ಫ್ ಹೊಡೆದ ಮೇಲೆ ನೀರು ಕಂಡಿತೇ? ಓಡುತ್ತಿರುವಾಗಲೇ ಸೇರುತ್ತಿದೆಯೇ? ಓಡುವಾಗ ಚೆನ್ನಾಗಿದ್ದು, ನಿಲ್ಲಿಸಿ ಒಂದು ರಾತ್ರಿ ಕಳೆದ ಮೇಲೆ ಮಟ್ಟ ಏರಿದೆಯೇ? ಅಥವಾ ಚಳಿಗಾಲವೆಲ್ಲ ನಿಂತಿದ್ದು ಮೊದಲ ಸಲ ಚಾಲೂ ಮಾಡಿದಾಗಲೇ ಕಾಣಿಸಿತೇ? ಉತ್ತರ ಯಾವುದು ಎನ್ನುವುದರ ಮೇಲೆ ಅನುಮಾನಿತರ ಪಟ್ಟಿ ಒಂದೋ ಎರಡೋ ಭಾಗಗಳಿಗೆ ಇಳಿಯುತ್ತದೆ.

ಮೊದಲು ಕೀಲಿಯಿಂದ ಕೈ ತೆಗೆಯಿರಿ

ಆಯಿಲಿನಲ್ಲಿ ನೀರು ಕಂಡ ಮೇಲೆ "ಒಂದು ಸಲ ಸ್ಟಾರ್ಟ್ ಮಾಡಿ ನೋಡೋಣ" ಎನ್ನುವುದು ಅತಿ ದುಬಾರಿಯ ಪರೀಕ್ಷೆ. ಸಂಪಿಗೆ ನೀರು ಬಂದಿದೆ ಎಂದರೆ ಅದು ಸಿಲಿಂಡರಿನ ಮೂಲಕವೇ ಬಂದಿರುವ ಸಾಧ್ಯತೆ ದೊಡ್ಡದು, ಇನ್ನೂ ಅಲ್ಲೇ ನಿಂತಿರಲೂಬಹುದು. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲಾಗದು. ಪಿಸ್ಟನ್ ಮೇಲೇರಿ ನೀರಿಗೆ ಗುದ್ದಿದಾಗ ಬಾಗುವುದು ಪಿಸ್ಟನ್ನನ್ನು ಕ್ರ್ಯಾಂಕ್‌ಶಾಫ್ಟಿಗೆ ಜೋಡಿಸುವ ಕನೆಕ್ಟಿಂಗ್ ರಾಡ್. ಅಷ್ಟು ಬಾಗಿದ ಎಂಜಿನ್ ಕೆಲವೊಮ್ಮೆ ಓಡುತ್ತಲೂ ಇರುತ್ತದೆ. ತಿಂಗಳುಗಳ ನಂತರ ರಾಡ್ ಮುರಿದು ಬ್ಲಾಕ್ ಸೀಳಿಕೊಂಡು ಹೊರಬಂದಾಗ ಯಾರಿಗೂ ಈ ದಿನದ ನೆನಪಿರುವುದಿಲ್ಲ.

ಸೀಕಾಕ್, ಅಂದರೆ ಬೋಟಿನ ತಳದಲ್ಲಿ ಹೊರಗಿನ ನೀರನ್ನು ಒಳಬಿಡುವ ವಾಲ್ವನ್ನು, ಮುಚ್ಚಿ. ಪೆಟ್ರೋಲ್ ಎಂಜಿನ್ ಆದರೆ ಸ್ಪಾರ್ಕ್ ಪ್ಲಗ್, ಡೀಸೆಲ್ ಆದರೆ ಇಂಜೆಕ್ಟರ್ ಬಿಚ್ಚಿ. ಕ್ರ್ಯಾಂಕ್‌ಶಾಫ್ಟ್ ಪುಲ್ಲಿಯ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಎಂಜಿನ್ ತಿರುಗುವ ದಿಕ್ಕಿನಲ್ಲೇ ಕೈಯಿಂದ ಎರಡು ಪೂರ್ಣ ಸುತ್ತು ತಿರುಗಿಸಿ. ನೀರಿದ್ದರೆ ಆ ತೂತಿನಿಂದ ಚಿಮ್ಮುತ್ತದೆ. ಯಾವ ಸಿಲಿಂಡರಿನಿಂದ ಎಷ್ಟು ಬಂತು ಎಂದು ಆಗಲೇ ಬರೆದಿಡಿ, ಮುಂದೆ ಬೇಕಾಗುತ್ತದೆ. ಕೈಯಲ್ಲಿ ಸಲೀಸಾಗಿ ತಿರುಗಿದ ಮೇಲಷ್ಟೇ, ತೂತುಗಳ ಮೇಲೆ ಬಟ್ಟೆ ಹಾಕಿ, ಸೆಲ್ಫ್ ಹೊಡೆದು ಉಳಿದ ನೀರನ್ನು ಹೊರಹಾಕಬಹುದು. ಪೆಟ್ರೋಲ್ ಎಂಜಿನ್ನಿನಲ್ಲಿ ಅದಕ್ಕೂ ಮೊದಲು ಇಗ್ನಿಷನ್ ಸಂಪರ್ಕ ತಪ್ಪಿಸಿ, ಬ್ಲೋವರ್ ಓಡಿಸಿ ಎಂಜಿನ್ ಕೋಣೆಯ ಪೆಟ್ರೋಲ್ ಆವಿಯನ್ನು ಪೂರ್ತಿ ತೆಗೆಯಿರಿ. ತೂತಿನಿಂದ ಹೊರಬರುವುದು ನೀರಷ್ಟೇ ಅಲ್ಲ.

ಅದು ನಿಜಕ್ಕೂ ನೀರೇ? ಎಷ್ಟು?

ಆಯಿಲ್ ನೀರಿಗಿಂತ ಹಗುರ. ಎಂಜಿನ್ ಓಡುವಾಗ ಕ್ರ್ಯಾಂಕ್ ಎರಡನ್ನೂ ಕಡೆದು ಬೆಣ್ಣೆಯಂತೆ ಮಾಡಿಬಿಡುತ್ತದೆ. ಆದರೆ ನಿಂತ ಎಂಜಿನ್ನಿಗೆ ನೀರು ಇಳಿದರೆ ಕಡೆಯಲು ಯಾರಿದ್ದಾರೆ? ನೀರು ಸದ್ದಿಲ್ಲದೆ ಸಂಪಿನ ತಳ ಸೇರುತ್ತದೆ, ಆಯಿಲ್ ಮೇಲೆ ತೇಲುತ್ತದೆ. ಡಿಪ್‌ಸ್ಟಿಕ್ ತಳದವರೆಗೆ ಮುಟ್ಟುವುದಿಲ್ಲವಾದ್ದರಿಂದ ಅದರಲ್ಲಿ ಕಾಣುವುದು ಶುದ್ಧ ಆಯಿಲ್, ಮಟ್ಟ ಮಾತ್ರ ಗುರುತಿಗಿಂತ ಮೇಲೆ. "ಆಯಿಲ್ ಚೆನ್ನಾಗಿದೆ, ಯಾರೋ ಜಾಸ್ತಿ ಹಾಕಿದ್ದಾರೆ" ಎಂದು ಸ್ಟಾರ್ಟ್ ಮಾಡುವವರು ಇಲ್ಲೇ ಎಡವುವುದು. ಹಾಕದ ಆಯಿಲ್ ಹೆಚ್ಚಾಗಿದ್ದರೆ ತಳದಲ್ಲಿ ಏನೋ ಇದೆ ಎಂದೇ ಅರ್ಥ.

ನೋಡುವ ಬಗೆ ಸುಲಭ. ಆಯಿಲ್ ಎಳೆಯುವ ಕೈಪಂಪಿನ ಕೊಳವೆಯನ್ನು ಡಿಪ್‌ಸ್ಟಿಕ್ ತೂತಿನಲ್ಲಿ ತಳಕ್ಕೆ ತಾಗುವವರೆಗೆ ಇಳಿಸಿ, ಮೊದಲ ಕಾಲು ಲೀಟರನ್ನು ಪಾರದರ್ಶಕ ಬಾಟಲಿಗೆ ಎಳೆಯಿರಿ. ತಳದ ನೀರು ಬಿಡಿಯಾಗಿಯೇ ಬರುತ್ತದೆ. ಉಳಿದದ್ದನ್ನೂ ಪೂರ್ತಿ ತೆಗೆದು ಅಳೆಯಿರಿ. 4 ಲೀಟರ್ ಹಿಡಿಯುವ ಸಂಪಿನಿಂದ 6 ಲೀಟರ್ ಬಂದರೆ 2 ಲೀಟರ್ ನೀರು ಎಂದು ಹೇಳಲು ಲ್ಯಾಬ್ ಬೇಕಿಲ್ಲ. ಈ ಅಳತೆಯೇ ಅರ್ಧ ರೋಗನಿರ್ಣಯ: ಒಂದೆರಡು ಚಮಚದಷ್ಟಾದರೆ ಬಹುಶಃ ಒಳಗಿನ ತೇವ, ಲೋಟದಷ್ಟಾದರೆ ಸೋರುವ ಸೀಲ್ ಅಥವಾ ಗ್ಯಾಸ್ಕೆಟ್, ಲೀಟರುಗಟ್ಟಲೆ ಆದರೆ ಎಕ್ಸಾಸ್ಟಿನಿಂದ ಹಿಂದೆ ಬಂದದ್ದು ಅಥವಾ ದೊಡ್ಡ ಬಿರುಕು.

ಮಟ್ಟ ಏರಿದೆ, ಬಣ್ಣ ಬದಲಾಗಿಲ್ಲ, ಆಯಿಲ್ ತೆಳುವಾಗಿದೆ, ಮೂಸಿದರೆ ಇಂಧನದ ವಾಸನೆ ಎಂದಾದರೆ ಅದು ನೀರಲ್ಲ, ಡೀಸೆಲ್ ಅಥವಾ ಪೆಟ್ರೋಲ್. ದಾರಿ ಬೇರೆ, ಫ್ಯುಯಲ್ ಪಂಪಿನ ಕಡೆ ನೋಡಿ. ಬಣ್ಣ ತುಸು ಮಬ್ಬಾಗಿದ್ದು ಅನುಮಾನ ಉಳಿದರೆ ಚಟಪಟ ಪರೀಕ್ಷೆ ಮಾಡಬಹುದು. ಸುಮಾರು 150 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದ ಲೋಹದ ತಟ್ಟೆಯ ಮೇಲೆ ಆಯಿಲಿನ ಎರಡು ತೊಟ್ಟು ಬಿಡಿ. ನೀರಿದ್ದರೆ ಗುಳ್ಳೆಯೆದ್ದು ಚಟಪಟ ಸಿಡಿಯುತ್ತದೆ. ಇಲ್ಲದಿದ್ದರೆ ಸುಮ್ಮನೆ ಹರಡಿ ಹೊಗೆಯಾಡುತ್ತದೆ. ಸಾವಿರದಲ್ಲಿ ಒಂದು ಪಾಲು ನೀರನ್ನೂ ಇದು ಹಿಡಿದುಕೊಡುತ್ತದೆ. ಬೋಟಿನೊಳಗೆ ಮಾತ್ರ ಬೇಡ, ಬಯಲಲ್ಲಿ, ಕಣ್ಣಿಗೆ ಕನ್ನಡಕ ಹಾಕಿಕೊಂಡು ಮಾಡಿ.

ಆಯಿಲ್ ಹಾಕುವ ಮುಚ್ಚಳದ ಅಡಿಯಲ್ಲಷ್ಟೇ ಹಳದಿ ಮಿಶ್ರಿತ ಬಿಳಿ ಕೆನೆ ಕಟ್ಟಿದ್ದು, ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಚೊಕ್ಕವಾಗಿದ್ದು, ಮಟ್ಟವೂ ಸರಿಯಿದ್ದರೆ ಗಾಬರಿ ಬೇಡ. ಉರಿದ ಇಂಧನದಿಂದ ಹುಟ್ಟುವ ನೀರಾವಿ ತಣ್ಣಗಿನ ಮುಚ್ಚಳಕ್ಕೆ ತಾಗಿ ತೇವವಾದದ್ದು ಅಷ್ಟೆ. ಹೊರಗಿನ ನೀರನ್ನೇ ನೇರವಾಗಿ ಬ್ಲಾಕಿನೊಳಗೆ ಹರಿಸುವ ಎಂಜಿನ್ನುಗಳಲ್ಲಿ ಇದು ಹೆಚ್ಚು. ಉಪ್ಪು ಕಟ್ಟದಿರಲೆಂದು ಅವುಗಳ ಥರ್ಮೋಸ್ಟಾಟನ್ನು 60 ಡಿಗ್ರಿ ಆಸುಪಾಸಿನಲ್ಲೇ ತೆರೆಯುವಂತೆ ಇಟ್ಟಿರುತ್ತಾರೆ, ಹೀಗಾಗಿ ಆಯಿಲ್ ಸಾಕಷ್ಟು ಬಿಸಿಯಾಗುವುದೇ ಇಲ್ಲ. ಐದೈದು ನಿಮಿಷ ಓಡಿಸಿ ನಿಲ್ಲಿಸುವ ಅಭ್ಯಾಸ ಸೇರಿದರೆ ಕೆನೆ ಖಚಿತ. ಅರ್ಧ ಗಂಟೆ ಲೋಡಿನಲ್ಲಿ ಓಡಿಸಿದ ಮೇಲೆ ಅದು ಕರಗಬೇಕು. ಕರಗದಿದ್ದರೆ, ಅಥವಾ ಮತ್ತೆ ಮತ್ತೆ ಬಂದರೆ, ಮುಂದೆ ಓದಿ.

ಯಾವ ನೀರು?

ಒಳಗೆ ಕೂಲಂಟಿನ, ಅಂದರೆ ಎಂಜಿನ್ ತಣಿಸುವ ಗ್ಲೈಕಾಲ್ ಬೆರೆತ ನೀರಿನ, ಮುಚ್ಚಿದ ಸುತ್ತು ಇರುವ ಎಂಜಿನ್ನಿನಲ್ಲಿ ಈ ಪ್ರಶ್ನೆ ಕೆಲಸವನ್ನು ಅರ್ಧಕ್ಕೆ ಇಳಿಸುತ್ತದೆ. ಬಂದಿರುವುದು ಹೊರಗಿನ ನೀರಾದರೆ ಹೆಡ್ ಗ್ಯಾಸ್ಕೆಟ್, ಬ್ಲಾಕ್, ಲೈನರ್ (ಸಿಲಿಂಡರಿನ ಒಳಗೋಡೆಯ ಕೊಳವೆ) ಇವೆಲ್ಲ ಬಹುಮಟ್ಟಿಗೆ ನಿರಪರಾಧಿಗಳು. ಅವುಗಳ ಆಚೆ ಹರಿಯುವುದು ಕೂಲಂಟ್. ಕೂಲಂಟ್ ಆದರೆ ಎಕ್ಸಾಸ್ಟೂ ಹೊರನೀರಿನ ಪಂಪೂ ಪಾರು.

ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಬಾಟಲಿಯ ತಳದಲ್ಲಿ ಬೇರ್ಪಟ್ಟ ನೀರಿಗೆ ಕ್ಲೋರೈಡ್ ಪರೀಕ್ಷೆಯ ಪಟ್ಟಿ ಅದ್ದಿದರೆ ಅದು ಅಳತೆಯ ತುದಿ ಮುಟ್ಟುತ್ತದೆ. ನಾಲಿಗೆಗೆ ತಾಗಿಸಿ ನೋಡುವ ಹಳೆಯ ರೂಢಿ ಬಿಡಿ. ಕೂಲಂಟಿನ ಗ್ಲೈಕಾಲ್ ವಿಷ. ಆಯಿಲ್ ಮಾದರಿಯನ್ನು ಲ್ಯಾಬಿಗೆ ಕಳಿಸಿದರೆ ಸೋಡಿಯಂ ಏರಿದ್ದು ಗ್ಲೈಕಾಲ್ ಇಲ್ಲದಿದ್ದರೆ ಸಮುದ್ರ, ಗ್ಲೈಕಾಲ್ ಇದ್ದರೆ ಕೂಲಂಟ್ ಎಂದು ಓದಿಕೊಳ್ಳಬಹುದು. ಸಿಹಿನೀರಿನಲ್ಲಿ ಓಡುವ ಬೋಟಿಗೆ ಕ್ಲೋರೈಡ್ ಪಟ್ಟಿ ಸಹಾಯಕ್ಕೆ ಬಾರದು. ಅಲ್ಲಿ ಬಣ್ಣ ಮತ್ತು ಕೂಲಂಟ್ ಟ್ಯಾಂಕಿನ ಮಟ್ಟವನ್ನೇ ನಂಬಬೇಕು.

ಮಟ್ಟವನ್ನು ನಂಬುವಾಗಲೂ ಒಂದು ಎಚ್ಚರ: ಕೂಲಂಟ್ ಇಳಿದಿದೆ ಎಂದಾಕ್ಷಣ ಅದು ಆಯಿಲ್‌ಗೇ ಹೋಗಿದೆ ಎಂದಲ್ಲ. ಹೊರನೀರಿನಿಂದ ಕೂಲಂಟನ್ನು ತಣಿಸುವ ಹೀಟ್ ಎಕ್ಸ್‌ಚೇಂಜರಿನ ಕೊಳವೆ ತೂತಾದರೆ, ಓಡುವಾಗ ಒತ್ತಡ ಹೆಚ್ಚಿರುವ ಕೂಲಂಟ್ ಹೊರನೀರಿನ ಜೊತೆ ಎಕ್ಸಾಸ್ಟಿನಲ್ಲಿ ಹೋಗಿಬಿಡುತ್ತದೆ. ಸಂಪಿನಲ್ಲಿ ಸಿಕ್ಕಿದ್ದಕ್ಕೂ ಟ್ಯಾಂಕಿನಲ್ಲಿ ಕಡಿಮೆಯಾದದ್ದಕ್ಕೂ ಲೆಕ್ಕ ತಾಳೆಯಾಗುತ್ತದೆಯೇ ನೋಡಿ.

ಸೆಲ್ಫ್ ಹೊಡೆದ ಮೇಲೆ ಬಂದ ನೀರು

ಇದು ಎಂಜಿನ್ನಿನ ರೋಗವಲ್ಲ, ನಮ್ಮ ಕೈಯಾರೆ ಮಾಡಿಕೊಳ್ಳುವ ಅನಾಹುತ. ಲೆಕ್ಕ ಹಾಕಿ. 3000 ಆರ್‌ಪಿಎಂನಲ್ಲಿ ನಿಮಿಷಕ್ಕೆ 30 ಲೀಟರ್ ತಳ್ಳುವ ಇಂಪೆಲ್ಲರ್ (ರಬ್ಬರ್ ರೆಕ್ಕೆಗಳ ಚಕ್ರ) ಪಂಪು, ಸೆಲ್ಫ್ ಹೊಡೆಯುವಾಗಿನ 250 ಆರ್‌ಪಿಎಂನಲ್ಲಿ ನಿಮಿಷಕ್ಕೆ ಸುಮಾರು 2.5 ಲೀಟರ್ ತಳ್ಳುತ್ತದೆ. ಎಂಜಿನ್ ಹತ್ತಿದ್ದರೆ ಹೊಗೆಯ ಒತ್ತಡ ಈ ನೀರನ್ನು ಆಚೆ ದೂಡುತ್ತಿತ್ತು. ಹತ್ತಿಲ್ಲ, ಹಾಗಾಗಿ ಅದು ಎಂಜಿನ್ನಿನ ಕೆಳಗಿರುವ ವಾಟರ್‌ಲಾಕ್ ಮಫ್ಲರಿನಲ್ಲಿ, ಅಂದರೆ ಎಕ್ಸಾಸ್ಟಿನ ನೀರು ತಂಗುವ ಡಬ್ಬಿಯಲ್ಲಿ, ತುಂಬುತ್ತ ಹೋಗುತ್ತದೆ. ಹದಿನೈದು ಸೆಕೆಂಡಿನಂತೆ ಎಂಟು ಸಲ ಹೊಡೆದರೆ 5 ಲೀಟರ್ ಆಯಿತು, ಮೊದಲೇ ಅಲ್ಲಿ ನಿಂತಿದ್ದ ನೀರು ಬೇರೆ. ಸಣ್ಣ ಮಫ್ಲರ್ ತುಂಬಿದ ಮೇಲೆ ಮುಂದಿನ ಜಾಗ ಸಿಲಿಂಡರುಗಳ ಹೊಗೆಯನ್ನು ಒಟ್ಟುಗೂಡಿಸುವ ಎಕ್ಸಾಸ್ಟ್ ಮೆನಿಫೋಲ್ಡ್. ಎಂಜಿನ್ ಯಾವ ಸ್ಥಿತಿಯಲ್ಲಿ ನಿಂತರೂ ನಾಲ್ಕು ಸಿಲಿಂಡರುಗಳಲ್ಲಿ ಒಂದರದ್ದಾದರೂ ಎಕ್ಸಾಸ್ಟ್ ವಾಲ್ವ್ ತೆರೆದಿರುತ್ತದೆ. ನೀರು ಅದರೊಳಗೆ ಇಳಿದು, ಪಿಸ್ಟನ್ ರಿಂಗುಗಳ ಸಂದಿನಿಂದ ರಾತ್ರಿಯಿಡೀ ಜಿನುಗಿ ಸಂಪು ಸೇರುತ್ತದೆ.

ಇದರ ಗುರುತು: ನೀರು ಒಂದೇ ಸಲ, ಧಾರಾಳವಾಗಿ ಬಂದಿರುತ್ತದೆ, ಅದಕ್ಕೂ ಮೊದಲು ಹತ್ತಲು ಎಂಜಿನ್ ಸತಾಯಿಸಿರುತ್ತದೆ, ಒಂದೆರಡು ಸಿಲಿಂಡರ್ ಒದ್ದೆ, ಉಳಿದವು ಒಣ. ನೀರು ತೆಗೆದು ಆಯಿಲ್ ಬದಲಿಸಿ ಓಡಿಸಿದರೆ ಮತ್ತೆ ಬರುವುದಿಲ್ಲ. ರಿಪೇರಿ ಆಗಬೇಕಾದ್ದು ಎಂಜಿನ್ ಹತ್ತದಿರುವ ಕಾರಣ, ಅಂದರೆ ಡೀಸೆಲಿನಲ್ಲಿ ಗಾಳಿ, ಸತ್ತ ಗ್ಲೋ ಪ್ಲಗ್ (ಸಿಲಿಂಡರ್ ಬಿಸಿ ಮಾಡುವ ಹೀಟರ್), ಸೊರಗಿದ ಬ್ಯಾಟರಿ.

ಮುಂದಕ್ಕೆ, ಎರಡು ಮೂರು ಪ್ರಯತ್ನಕ್ಕೆ ಹತ್ತದಿದ್ದರೆ ಸೀಕಾಕ್ ಮುಚ್ಚಿ ಸೆಲ್ಫ್ ಹೊಡೆಯಿರಿ, ಆಗಾಗ ಮಫ್ಲರಿನ ಡ್ರೇನ್ ಪ್ಲಗ್ ತೆಗೆದು ನೀರು ಬಿಡಿ. ಎಂಜಿನ್ ಹತ್ತಿದ ಕೂಡಲೇ ಸೀಕಾಕ್ ತೆರೆಯಲೇಬೇಕು. ಮರೆತರೆ ರಬ್ಬರ್ ಇಂಪೆಲ್ಲರ್ ಒಣಗಿ ಹರಿಯುತ್ತದೆ, ಎಂಜಿನ್ ಕಾದು ಆಗ ನಿಜವಾಗಿಯೂ ಹೆಡ್ ಗ್ಯಾಸ್ಕೆಟ್ ಹೋಗುತ್ತದೆ. ಸೀಕಾಕ್ ಮುಚ್ಚಿದಾಗಲೆಲ್ಲ ಕೀಲಿಯನ್ನು ಅದರ ಹಿಡಿಗೇ ನೇತುಹಾಕುವ ಅಭ್ಯಾಸ ಒಳ್ಳೆಯದು, ಆದರೆ ಈ ಸಂದರ್ಭದಲ್ಲಿ ಕೀಲಿ ಕೈಯಲ್ಲಿರುತ್ತದಾದ್ದರಿಂದ ಇನ್ನೊಬ್ಬರನ್ನು ಸೀಕಾಕಿನ ಬಳಿ ನಿಲ್ಲಿಸುವುದೇ ಸರಿ.

ನಿಂತಿದ್ದಾಗ ಬಂದ ನೀರು

ಓಡಿಸಿ ನಿಲ್ಲಿಸಿದಾಗ ಎಲ್ಲ ಸರಿಯಿತ್ತು, ಮರುದಿನ ಎಂಜಿನ್ ತಿರುಗುತ್ತಿಲ್ಲ, ಆಯಿಲ್ ಮಟ್ಟ ಏರಿದೆ. ಇಲ್ಲಿ ಮೊದಲ ಅನುಮಾನ ಸೈಫನ್. ಎಕ್ಸಾಸ್ಟಿಗೆ ನೀರು ಸುರಿಯುವ, ಮೊಣಕೈಯಂತೆ ಬಾಗಿದ ಕೊಳವೆ ಹೊರಗಿನ ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ, ಅಥವಾ ಅದಕ್ಕಿಂತ 15 ಸೆಂಟಿಮೀಟರ್ ಕೂಡ ಎತ್ತರದಲ್ಲಿಲ್ಲದಿದ್ದರೆ, ಎಂಜಿನ್ ನಿಂತ ಮೇಲೂ ಕೊಳವೆಯಲ್ಲಿ ನೀರು ತಾನಾಗಿಯೇ ಹರಿಯಬಲ್ಲದು. ಅದನ್ನು ತುಂಡರಿಸಲು ಕೊಳವೆಯನ್ನು ಎತ್ತರಕ್ಕೆ ಒಯ್ದು, ನೆತ್ತಿಯಲ್ಲಿ ಗಾಳಿ ಒಳಬಿಡುವ ಪುಟ್ಟ ಆ್ಯಂಟಿ-ಸೈಫನ್ ವಾಲ್ವ್ ಇಟ್ಟಿರುತ್ತಾರೆ. ಉಪ್ಪು ಕಟ್ಟಿ ಅದು ಮುಚ್ಚಿಕೊಂಡರೆ ಇಡೀ ಏರ್ಪಾಡು ನಿರರ್ಥಕ. ವಾಲ್ವ್ ಬಿಚ್ಚಿ ಬಾಯಿಂದ ಊದಿ ನೋಡಿ: ಗಾಳಿ ಒಂದು ದಿಕ್ಕಿನಲ್ಲಿ ಮಾತ್ರ ಹೋಗಬೇಕು. ಎರಡೂ ಕಡೆ ಬಂದ್ ಆಗಿದ್ದರೆ ಅಪರಾಧಿ ಸಿಕ್ಕಿದ. ಉಗುರುಬೆಚ್ಚಗಿನ ಸಿಹಿನೀರಿನಲ್ಲಿ ತೊಳೆದರೆ ಉಪ್ಪು ಕರಗುತ್ತದೆ, ಒಳಗಿನ ರಬ್ಬರ್ ಸೆಟೆದಿದ್ದರೆ ಹೊಸದು ಹಾಕಿ.

ಊಹೆಗೆ ಬಿಡದೆ ಖಚಿತಪಡಿಸಿಕೊಳ್ಳುವ ಬಗೆಯೂ ಇದೆ. ಎಂಜಿನ್ ನಿಲ್ಲಿಸಿ ಕಾಲು ಗಂಟೆ ಬಿಡಿ, ಎಕ್ಸಾಸ್ಟ್ ಕೊಳವೆಯಲ್ಲಿದ್ದ ನೀರು ಮಫ್ಲರಿಗೆ ಮರಳಲಿ. ಮಫ್ಲರಿನ ಡ್ರೇನ್ ಪ್ಲಗ್ ತೆಗೆದು ಪೂರ್ತಿ ಖಾಲಿ ಮಾಡಿ, ಮತ್ತೆ ಹಾಕಿ. ಸೀಕಾಕ್ ತೆರೆದೇ ಇರಲಿ. ಮೂರು ನಾಲ್ಕು ಗಂಟೆ ಬಿಟ್ಟು ಪ್ಲಗ್ ತೆಗೆಯಿರಿ. ಒಂದು ತೊಟ್ಟೂ ಬರಬಾರದು. ಬಂದರೆ ಅಳೆಯಿರಿ, ನಂತರ ಸೀಕಾಕ್ ಮುಚ್ಚಿ ಇದೇ ಪರೀಕ್ಷೆ ಇನ್ನೊಮ್ಮೆ ಮಾಡಿ. ಈಗ ಒಣಗಿದ್ದರೆ ನೀರು ಸೀಕಾಕಿನ ದಾರಿಯಲ್ಲಿ, ಅಂದರೆ ಸೈಫನ್ನಿನಿಂದ ಬರುತ್ತಿತ್ತು. ಈಗಲೂ ಬಂದರೆ ಅದು ಎಕ್ಸಾಸ್ಟಿನ ಹೊರಬಾಯಿಯಿಂದ ಹಿಂದಕ್ಕೆ ಬರುತ್ತಿದೆ: ಹಿಂದಿನಿಂದ ಬರುವ ಅಲೆ, ಸಾಕಷ್ಟು ಎತ್ತರಕ್ಕೆ ಹೋಗದ ಎಕ್ಸಾಸ್ಟ್ ಕೊಳವೆ, ಅಥವಾ ಬಾಯಿಯ ರಬ್ಬರ್ ಫ್ಲ್ಯಾಪ್ ಹರಿದದ್ದು. ಹಾಯಿ ಬಿಚ್ಚಿ ಎಂಜಿನ್ ನಿಲ್ಲಿಸಿ ಸಾಗುವ ಬೋಟುಗಳಲ್ಲಿ ಇದು ಆಗಾಗ ಕಾಣುವ ತೊಂದರೆ.

ಇನ್ನೊಂದು ಸಾಧ್ಯತೆಯನ್ನು ಜನ ಮರೆತೇಬಿಡುತ್ತಾರೆ. ಬೋಟಿನ ತಳದಲ್ಲಿ ನಿಂತ ನೀರು ಎಂದಾದರೂ ಎಂಜಿನ್ನಿನ ಅರ್ಧ ಎತ್ತರಕ್ಕೆ ಏರಿತ್ತೇ? ಹಿಂದಿನ ಕ್ರ್ಯಾಂಕ್ ಸೀಲ್ ಆಯಿಲನ್ನು ಒಳಗೆ ಹಿಡಿಯಲು ಮಾಡಿದ್ದು, ನಿಂತ ನೀರನ್ನು ದಿನಗಟ್ಟಲೆ ತಡೆಯಲು ಅಲ್ಲ. ಬ್ಲಾಕಿನ ಪೇಂಟಿನ ಮೇಲೆ ಅಡ್ಡಕ್ಕೆ ಎಳೆದಂತೆ ಕೊಳೆಯ ಗೆರೆ ಇದೆಯೇ ಎಂದು ಟಾರ್ಚ್ ಹಾಕಿ ನೋಡಿ.

ಓಡುವಾಗ ಬರುವ ನೀರು

ಇಲ್ಲಿ ಅಗ್ಗದ ಭಾಗದಿಂದ ಶುರುಮಾಡಿ. ಹೊರನೀರಿನ ಪಂಪು ಬೆಲ್ಟಿನಿಂದ ಓಡುವಂಥದ್ದಾದರೆ ಅದು ಎಷ್ಟೇ ಸೋರಿದರೂ ನೀರು ಬೋಟಿನ ತಳಕ್ಕೇ ಬೀಳುತ್ತದೆ, ಪಟ್ಟಿಯಿಂದ ಹೊಡೆದುಹಾಕಿ. ಆದರೆ ಪಂಪನ್ನು ಟೈಮಿಂಗ್ ಕೇಸಿಗೆ (ಎಂಜಿನ್ನಿನ ಟೈಮಿಂಗ್ ಗೇರುಗಳ ಕವಚಕ್ಕೆ) ಬೋಲ್ಟ್ ಮಾಡಿ ಗೇರಿನಿಂದ ಓಡಿಸುತ್ತಿದ್ದರೆ, ಒಂದೇ ಶಾಫ್ಟಿನ ಒಂದು ತುದಿಯಲ್ಲಿ ನೀರು, ಇನ್ನೊಂದು ತುದಿಯಲ್ಲಿ ಆಯಿಲ್. ನಡುವೆ ಎರಡು ಸೀಲ್, ಆ ಸೀಲುಗಳ ಮಧ್ಯೆ ಬೆರಳಿನ ಅಗಲದ ಖಾಲಿ ಜಾಗ, ಅದರ ಕೆಳಗೊಂದು ಸಣ್ಣ ತೂತು. ನೀರಿನ ಸೀಲ್ ಸವೆದರೆ ಆ ತೂತಿನಿಂದ ನೀರು ತೊಟ್ಟಿಕ್ಕುತ್ತದೆ, ಆಯಿಲ್ ಸೀಲ್ ಸವೆದರೆ ಆಯಿಲ್. ತೂತು ಇರುವುದೇ ಈ ಚಾಡಿ ಹೇಳಲಿಕ್ಕೆ. ಅದರ ಮೇಲೆ ಪೇಂಟ್ ಬಳಿದಿದ್ದರೆ ಅಥವಾ ಉಪ್ಪು ಗಟ್ಟಿಕೊಂಡಿದ್ದರೆ ಸೋರಿದ ನೀರಿಗೆ ಆಚೆ ಹೋಗಲು ದಾರಿಯಿಲ್ಲ, ಮುಂದಿನ ಸೀಲಿಗೆ ಹೋಗಿ ಒತ್ತುತ್ತದೆ. ಆಯಿಲ್ ಸೀಲಿನ ತುಟಿ ಆಯಿಲಿನ ಕಡೆಗೆ ಮುಖ ಮಾಡಿರುತ್ತದೆ. ಬೆನ್ನ ಹಿಂದಿನಿಂದ ಬರುವ ನೀರನ್ನು ಅದು ತಡೆಯದು.

ತೂತನ್ನು ಮೆತ್ತನೆಯ ತಂತಿಯಿಂದ ಬಿಡಿಸಿ, ಒರೆಸಿ, ಕೆಳಗೆ ಬಿಳಿ ಟಿಶ್ಯೂ ಹಾಸಿ. ಕೆಟ್ಟ ಆಯಿಲ್ ತೆಗೆದು ಹೊಸದು ಹಾಕಿ, 1500 ಆರ್‌ಪಿಎಂನಲ್ಲಿ ಹತ್ತು ನಿಮಿಷ ಓಡಿಸಿ ಟಿಶ್ಯೂ ನೋಡಿ. ನೀರು ಬಿದ್ದಿದ್ದರೆ ಪಂಪು ಇಳಿಸಿ ಎರಡೂ ಸೀಲ್ ಒಟ್ಟಿಗೆ ಬದಲಿಸಿ. ಶಾಫ್ಟಿನ ಮೇಲೆ ಸೀಲ್ ಕೂರುವ ಜಾಗಕ್ಕೆ ಉಗುರು ಎಳೆದಾಗ ಗೀರಿಗೆ ಸಿಕ್ಕಿಕೊಂಡರೆ ಶಾಫ್ಟೂ ಹೊಸದೇ ಆಗಬೇಕು. ಗೀರು ಬಿದ್ದ ಶಾಫ್ಟಿಗೆ ಹಾಕಿದ ಹೊಸ ಸೀಲ್ ಹೆಚ್ಚು ದಿನ ಬಾಳದು.

ಪೆಟ್ರೋಲ್ ವಿ6, ವಿ8 ಎಂಜಿನ್ನುಗಳಲ್ಲಿ ಪಂಪಿಗಿಂತ ಮೊದಲು ಎಕ್ಸಾಸ್ಟ್ ಮೆನಿಫೋಲ್ಡ್ ಮತ್ತು ಅದರ ಮೇಲೆ ನಿಂತ ಎಕ್ಸಾಸ್ಟ್ ಕೊಳವೆಯಾದ ರೈಸರ್ ನೋಡಬೇಕು. ಎರಕದ ಕಬ್ಬಿಣದ ಗೋಡೆ, ಒಂದು ಬದಿ ಸುಡುವ ಹೊಗೆ, ಇನ್ನೊಂದು ಬದಿ ಉಪ್ಪುನೀರು. ಉಪ್ಪುನೀರಿನಲ್ಲಿ ಓಡುವ ಬೋಟಿನಲ್ಲಿ ಇವನ್ನು ಐದರಿಂದ ಏಳು ವರ್ಷಕ್ಕೆ ಬದಲಿಸುವುದು ರೂಢಿ. ಹೊರಗಿನಿಂದ ಪೇಂಟ್ ಮಿರಮಿರ ಮಿಂಚುತ್ತಿದ್ದರೂ ಒಳಗೋಡೆ ಕಾಗದದಷ್ಟು ತೆಳುವಾಗಿರಬಹುದು. ಸ್ಪಾರ್ಕ್ ಪ್ಲಗ್ಗುಗಳನ್ನು ತೆಗೆದ ಕ್ರಮದಲ್ಲೇ ಸಾಲಾಗಿ ಇಡಿ. ತುಕ್ಕು ಹಿಡಿದದ್ದು, ಅಥವಾ ಉಳಿದವಕ್ಕಿಂತ ವಿಚಿತ್ರವಾಗಿ ತೊಳೆದಂತೆ ಚೊಕ್ಕವಾಗಿರುವುದು ಯಾವುದೋ ಆ ಸಿಲಿಂಡರಿಗೆ ನೀರು ಹೋಗುತ್ತಿದೆ. ರೈಸರ್ ಬಿಚ್ಚಿ ಒಳಗೆ ಬೆಳಕು ಹಾಯಿಸಿ: ಒಣ ಕಪ್ಪು ಮಸಿ ಇದ್ದರೆ ಸರಿ, ಕೆಂಪು ತುಕ್ಕಿನ ಗೆರೆ ಇಳಿದಿದ್ದರೆ ಆ ಗೆರೆಯ ತಲೆಯಲ್ಲೇ ಸೋರಿಕೆ. ಕಣ್ಣಿಗೆ ಸಿಗದಿದ್ದರೆ ಮೆನಿಫೋಲ್ಡ್ ಇಳಿಸಿ, ನೀರಿನ ಬಾಯಿಗಳನ್ನು ಮುಚ್ಚಿ, ಒಳಗೆ ಸೀಮೆಎಣ್ಣೆ ತುಂಬಿ ರಾತ್ರಿಯಿಡೀ ಬಿಡಿ. ನೀರು ನುಸುಳದ ಬಿರುಕಿನಲ್ಲೂ ಅದು ನುಸುಳುತ್ತದೆ.

ಆಯಿಲ್ ಕೂಲರಿನ ಚಲನೆ ಕೊಂಚ ತಲೆಕೆಳಗು. ಓಡುವಾಗ ಆಯಿಲಿನ ಒತ್ತಡ 3ರಿಂದ 4 ಬಾರ್, ಪಕ್ಕದ ನೀರಿನದು ಅದಕ್ಕಿಂತ ಬಹಳ ಕಡಿಮೆ. ಆದ್ದರಿಂದ ಕೊಳವೆ ತೂತಾದರೆ ಮೊದಲು ಆಯಿಲೇ ನೀರಿಗೆ ಹೋಗುತ್ತದೆ: ಬೋಟಿನ ಹಿಂದೆ ನೀರಿನ ಮೇಲೆ ಕಾಮನಬಿಲ್ಲಿನ ಪೊರೆ, ಡಿಪ್‌ಸ್ಟಿಕ್ಕಿನಲ್ಲಿ ಇಳಿಯುವ ಮಟ್ಟ. ಎಂಜಿನ್ ನಿಂತಾಗ ಆಯಿಲ್ ಒತ್ತಡ ಸೊನ್ನೆಯಾಗಿ ನೀರು ಹಿಂದಕ್ಕೆ ಬರುತ್ತದೆ. ಆಯಿಲ್ ಕಡಿಮೆಯಾಗುತ್ತಲೂ ಇದೆ, ಬಿಳಿಯಾಗುತ್ತಲೂ ಇದೆ ಎಂಬ ವಿಚಿತ್ರ ದೂರು ಬಂದರೆ ಕೂಲರನ್ನೇ ಮೊದಲು ಇಳಿಸಿ ಒತ್ತಡ ಪರೀಕ್ಷೆಗೆ ಕೊಡಿ. ಗೇರ್‌ಬಾಕ್ಸಿನ ಕೆಂಪು ಆಯಿಲ್ ಗುಲಾಬಿ ಹಾಲಿನಂತಾಗಿದ್ದರೆ ಅದು ಗೇರ್‌ಬಾಕ್ಸ್ ಕೂಲರ್. ಎಂಜಿನ್ನಿಗೂ ಅದಕ್ಕೂ ಸಂಬಂಧವಿಲ್ಲ.

ಟರ್ಬೊ ಡೀಸೆಲ್‌ಗಳಲ್ಲಿ ಒಳಹೋಗುವ ಗಾಳಿಯನ್ನು ಹೊರನೀರಿನಿಂದಲೇ ತಣಿಸುವ ಆಫ್ಟರ್‌ಕೂಲರ್ ಇದ್ದರೆ ಅದರ ತಳದ ಡ್ರೇನ್ ತೂತು ನೋಡಿ. ಅಲ್ಲಿ ಉಪ್ಪುನೀರು ಬಂದರೆ ಅದು ನೇರವಾಗಿ ಇಂಟೇಕ್ ವಾಲ್ವುಗಳ ಮೇಲೆ ಬೀಳುತ್ತಿದೆ.

ಈಗ ಹೆಡ್ ಗ್ಯಾಸ್ಕೆಟ್. ಅದರ ಹಿಂದೆ ಬಹುತೇಕ ಯಾವಾಗಲೂ ಎಂಜಿನ್ ಕಾದ ಚರಿತ್ರೆಯೊಂದು ಇರುತ್ತದೆ. ಕಂಪ್ರೆಷನ್ (ಸಿಲಿಂಡರಿನಲ್ಲಿ ಪಿಸ್ಟನ್ ಗಾಳಿ ಒತ್ತಿದಾಗಿನ ಒತ್ತಡ) ಅಳೆಯಿರಿ, ಡೀಸೆಲಿಗೆ ಪೆಟ್ರೋಲ್ ಗೇಜ್ ಹಾಕಬೇಡಿ, ತಡೆಯುವುದಿಲ್ಲ. ಅಕ್ಕಪಕ್ಕದ ಎರಡು ಸಿಲಿಂಡರುಗಳು ಒಟ್ಟಿಗೆ ಕಡಿಮೆ ತೋರಿಸಿದರೆ ಅವುಗಳ ನಡುವಿನ ಗ್ಯಾಸ್ಕೆಟ್ ಸುಟ್ಟಿದೆ. ಒಂದೊಂದೇ ಸಿಲಿಂಡರನ್ನು ವಾಲ್ವುಗಳೆರಡೂ ಮುಚ್ಚಿರುವ ಸ್ಥಿತಿಗೆ ತಂದು ಗಾಳಿ ತುಂಬಿದಾಗ ಕೂಲಂಟ್ ಟ್ಯಾಂಕಿನಲ್ಲಿ ಗುಳ್ಳೆ ಎದ್ದರೆ ಅಲ್ಲಿಗೆ ವಾದ ಮುಗಿಯಿತು. ಕಂಪ್ರೆಷನ್ ಎಲ್ಲ ಚೆನ್ನಾಗಿದ್ದೂ ಗ್ಯಾಸ್ಕೆಟ್ ಕೆಟ್ಟಿರಬಹುದು: ನೀರಿನ ತೂತಿಗೂ ಆಯಿಲ್ ಇಳಿಯುವ ತೂತಿಗೂ ನಡುವೆ ಹರಿದರೆ ಕಂಪ್ರೆಷನ್ನಿಗೆ ಅದರ ಸುಳಿವೇ ಇರುವುದಿಲ್ಲ.

ಚಳಿಗಾಲ ಕಳೆದು ಮೊದಲ ಸಲ ಓಡಿಸಿದ ಕೆಲವೇ ನಿಮಿಷಕ್ಕೆ ಆಯಿಲ್ ಬಿಳುಪಾದರೆ ಬ್ಲಾಕ್ ಸೀಳಿದೆ ಎಂದೇ ಹೆದರಬೇಕು. ನೀರು ಹೆಪ್ಪುಗಟ್ಟಿದಾಗ ಸುಮಾರು 9 ಶೇಕಡಾ ಹಿಗ್ಗುತ್ತದೆ. "ಡ್ರೇನ್ ಪ್ಲಗ್ ತೆಗೆದಿದ್ದೆ" ಎನ್ನುವವರ ಎಂಜಿನ್ನೂ ಒಡೆಯುತ್ತದೆ, ಏಕೆಂದರೆ ಪ್ಲಗ್ಗಿನ ಹಿಂದೆ ತುಕ್ಕು, ಮರಳು ಗಟ್ಟಿಯಾಗಿ ನೀರು ಇಳಿದೇ ಇರುವುದಿಲ್ಲ. ಪ್ಲಗ್ ತೆಗೆದ ಮೇಲೆ ತಂತಿಯಿಂದ ಚುಚ್ಚಿ ನೋಡುವುದು ಅದಕ್ಕೇ. ವಿ ಆಕಾರದ ಎಂಜಿನ್ನುಗಳಲ್ಲಿ ಬಿರುಕು ಇಂಟೇಕ್ ಮೆನಿಫೋಲ್ಡಿನ ಅಡಿಯ ಕಣಿವೆಯಲ್ಲಿ ಬಿದ್ದರೆ ಹೊರಗಿನಿಂದ ಏನೂ ಕಾಣದು.

ಒತ್ತಡ ಹಾಕಿ ಬಾಯಿಬಿಡಿಸುವುದು

ಅನುಮಾನ ಕೂಲಂಟ್ ಕಡೆಗೋ ಬ್ಲಾಕಿನ ಕಡೆಗೋ ನಿಂತರೆ ಎಂಜಿನ್ ನಿಲ್ಲಿಸಿ ತಣ್ಣಗಾದ ಮೇಲೆ ನೀರಿನ ಸುತ್ತಿಗೆ ಕೈಪಂಪಿನಿಂದ ಒತ್ತಡ ಕೊಡಿ. ಮುಚ್ಚಿದ ಸುತ್ತಿಗೆ ಟ್ಯಾಂಕಿನ ಮುಚ್ಚಳದ ಮೇಲೆ ಬರೆದಷ್ಟೇ, ಸಾಮಾನ್ಯವಾಗಿ 1 ಬಾರ್ ಆಸುಪಾಸು. ಹೊರನೀರಿನ ಬ್ಲಾಕ್ ಆದರೆ ಕೊಳವೆಗಳಿಗೆಲ್ಲ ಬಿರಡೆ ಹಾಕಿ ಅಷ್ಟೇ ಒತ್ತಡ. ಕಂಪ್ರೆಸರಿನ ಪೂರಾ ಗಾಳಿ ಬಿಟ್ಟರೆ ಚೆನ್ನಾಗಿದ್ದ ಕೂಲರೂ ಹಾಳಾಗುತ್ತದೆ. ಕಾಲು ಗಂಟೆ ಮುಳ್ಳು ಅಲುಗಬಾರದು. ಇಳಿದರೆ ಕಿವಿ ಬಳಸಿ: ಆಯಿಲ್ ಹಾಕುವ ಬಾಯಲ್ಲಿ ಸುಯ್ ಎಂದರೆ ಸೋರಿಕೆ ನೇರ ಸಂಪಿನ ಕಡೆಗೆ; ಪ್ಲಗ್ಗಿನ ತೂತಿನಲ್ಲಿ ಕೇಳಿದರೆ ಆ ಸಿಲಿಂಡರಿಗೆ; ಎಕ್ಸಾಸ್ಟಿನಲ್ಲಿ ಕೇಳಿದರೆ ಹೆಡ್ಡಿನ ಪೋರ್ಟ್ ಅಥವಾ ಮೆನಿಫೋಲ್ಡ್. ಮೆನಿಫೋಲ್ಡುಗಳನ್ನು ಸುತ್ತಿನಿಂದ ಬೇರ್ಪಡಿಸಿ ಮತ್ತೊಮ್ಮೆ ಒತ್ತಡ ಹಾಕಿದರೆ ಈ ಕೊನೆಯ ಗೊಂದಲವೂ ಬಗೆಹರಿಯುತ್ತದೆ.

ನೀರಿನಲ್ಲೇ ನಿಲ್ಲುವ ಲೈನರುಗಳಿರುವ ದೊಡ್ಡ ಡೀಸೆಲ್‌ಗಳಲ್ಲಿ ಲೈನರಿನ ಬುಡದ ಓ-ರಿಂಗ್ ಸೋರಬಹುದು. ಸಂಪು ಇಳಿಸಿ, ಕೆಳಗೆ ಉದ್ದಕ್ಕೆ ಕಾಗದ ಹಾಸಿ, ಕೂಲಂಟಿಗೆ ಒತ್ತಡ ಕೊಟ್ಟು ರಾತ್ರಿ ಬಿಡಿ. ಬೆಳಿಗ್ಗೆ ಕಾಗದದ ಮೇಲೆ ಒದ್ದೆ ಬಿದ್ದ ಜಾಗದಿಂದ ನೇರ ಮೇಲೆ ನೋಡಿದರೆ ಯಾವ ಲೈನರ್ ಎಂದು ಗೊತ್ತಾಗುತ್ತದೆ.

ತೊಳೆಯುವುದು

ಕಾರಣ ಹುಡುಕಲು ವಾರ ಹಿಡಿದರೂ ಆಯಿಲ್ ತೆಗೆಯುವುದಕ್ಕೆ ಕಾಯಬೇಡಿ. ಉಪ್ಪುನೀರು ಬೇರಿಂಗು, ಸಿಲಿಂಡರಿನ ಗೋಡೆಯನ್ನು ಗಂಟೆಗಳ ಲೆಕ್ಕದಲ್ಲಿ ತಿನ್ನಲು ಶುರುಮಾಡುತ್ತದೆ. ಅದೇ ದಿನ ಕೆಟ್ಟ ಆಯಿಲ್ ಪೂರ್ತಿ ಎಳೆದು, ಸಿಲಿಂಡರುಗಳಿಗೆ ತೆಳು ಆಯಿಲ್ ಸುರಿದು ಕೈಯಿಂದ ತಿರುಗಿಸಿ.

ದಾರಿ ಮುಚ್ಚಿದ ಮೇಲೆ ತೊಳೆತ. ಅದೇ ಗ್ರೇಡಿನ ಅಗ್ಗದ ಆಯಿಲ್ ಕನಿಷ್ಠ ಗುರುತಿನವರೆಗೆ, ಹೊಸ ಫಿಲ್ಟರ್. ನೀರು ಕುಡಿದ ಫಿಲ್ಟರಿನ ಕಾಗದ ಉಬ್ಬಿ ಮುಚ್ಚಿಕೊಂಡು, ಫಿಲ್ಟರ್ ತಪ್ಪಿಸಿ ಹೋಗುವ ಬೈಪಾಸ್ ತೆರೆದು ಕೊಳೆ ಆಯಿಲ್ ನೇರ ಬೇರಿಂಗಿಗೆ ಹೋಗುತ್ತದೆ, ಆದ್ದರಿಂದ ಪ್ರತಿ ಸುತ್ತಿಗೂ ಫಿಲ್ಟರ್ ಹೊಸದೇ. ಹೆಡ್ಡಿನ ಮೇಲಿನ ಮುಚ್ಚಳವಾದ ರಾಕರ್ ಕವರ್ ತೆಗೆದು ಅಲ್ಲಿ ಮೆತ್ತಿದ ಕೆನೆಯನ್ನು ಬಟ್ಟೆಯಿಂದ ಒರೆಸಿ. ಬಿಟ್ಟರೆ ಅದೇ ಮುಂದಿನ ಆಯಿಲನ್ನೂ ಕೆಡಿಸುತ್ತದೆ. ಲೋಡಿಲ್ಲದೆ 1000–1200 ಆರ್‌ಪಿಎಂನಲ್ಲಿ ಹತ್ತು ಹದಿನೈದು ನಿಮಿಷ ಓಡಿಸಿ, ಬಿಸಿಯಿರುವಾಗಲೇ ಎಳೆದು ತೆಗೆಯಿರಿ. ಮೂರರಿಂದ ಐದು ಸುತ್ತು ಬೇಕಾಗುವುದು ಸಾಮಾನ್ಯ. ಆಯಿಲ್ ಕೂಲರ್ ಮತ್ತು ಅದರ ಕೊಳವೆಗಳಲ್ಲಿ ಅಡಗಿದ ಕೆನೆ ಎರಡನೆಯ ಸುತ್ತಿನಲ್ಲಿ ಹೊರಬಂದು "ಮತ್ತೆ ನೀರು ಬಂತು" ಎಂದು ದಿಗಿಲು ಹುಟ್ಟಿಸುತ್ತದೆ. ಮಟ್ಟ ಏರಿಲ್ಲದಿದ್ದರೆ ಅದು ಹಳೆಯ ನೀರೇ.

ರಿಪೇರಿಗೆ ಭಾಗ ಬರುವುದು ತಡವಾಗುವಂತಿದ್ದರೆ ಎಂಜಿನ್ನನ್ನು ಒಣಗಲು ಬಿಡುವುದಕ್ಕಿಂತ, ಸಿಲಿಂಡರುಗಳನ್ನೂ ಸಂಪನ್ನೂ ಅಗ್ಗದ ಆಯಿಲ್ ಅಥವಾ ಡೀಸೆಲ್‌ನಿಂದ ಗಾಳಿಯಾಡದಂತೆ ತುಂಬಿಡುವುದು ಮೇಲು. ಹಾಗೆ ತುಂಬಿದ ಮೇಲೆ ಕೀಲಿಗೆ ಒಂದು ಚೀಟಿ ಕಟ್ಟಿ, ಇಲ್ಲದಿದ್ದರೆ ವಿಷಯ ತಿಳಿಯದ ಯಾರೋ ಸೆಲ್ಫ್ ಹೊಡೆದಾಗ, ನೀರು ಬಾಗಿಸದೆ ಬಿಟ್ಟಿದ್ದ ರಾಡನ್ನು ಆಯಿಲ್ ಬಾಗಿಸುತ್ತದೆ.

ಕೊನೆಯ ಸುತ್ತಿಗೆ ಒಳ್ಳೆಯ ಆಯಿಲ್ ಹಾಕಿ, ಅರ್ಧ ಗಂಟೆ ಲೋಡಿನಲ್ಲಿ ಓಡಿಸಿ ಪೂರ್ತಿ ಬಿಸಿ ಮಾಡಿ. ಡಿಪ್‌ಸ್ಟಿಕ್ಕನ್ನು ಮೂರು ಹೊತ್ತು ನೋಡಿ: ನಿಲ್ಲಿಸಿ ಹತ್ತು ನಿಮಿಷಕ್ಕೆ, ಸೀಕಾಕ್ ತೆರೆದಿಟ್ಟು ಮರುದಿನ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು, ಮತ್ತು ಸ್ಟಾರ್ಟ್ ಮಾಡಿ ಐದು ನಿಮಿಷ ಓಡಿಸಿ ನಿಲ್ಲಿಸಿದ ಮೇಲೆ. ಬೆಳಿಗ್ಗೆಯ ಸರದಿಯಲ್ಲಿ ಕೈಪಂಪಿನಿಂದ ಸಂಪಿನ ತಳದ ಒಂದು ಲೋಟ ಆಯಿಲ್ ಎಳೆದು ಬಾಟಲಿಯಲ್ಲಿ ಬೆಳಕಿಗೆ ಹಿಡಿಯುವುದನ್ನು ಮರೆಯಬೇಡಿ. ಬಳಿಕ 20–25 ಗಂಟೆ ಓಡಿದ ಮೇಲೆ ಆಯಿಲ್, ಫಿಲ್ಟರ್ ಮತ್ತೊಮ್ಮೆ ಬದಲಿಸಿ, ಆ ಹಳೆಯ ಆಯಿಲಿನ ಮಾದರಿಯನ್ನು ಲ್ಯಾಬಿಗೆ ಕಳಿಸಿ ಸೋಡಿಯಂ ಇಳಿದಿದೆಯೇ, ಬೇರಿಂಗಿನ ಲೋಹಗಳಾದ ಸೀಸ, ತಾಮ್ರ, ತವರ ಏರಿವೆಯೇ ಎಂದು ನೋಡಿಸಿ.